ನಗರದ ಸಂಚಾರ ಪೊಲೀಸರೊಬ್ಬರ ಕುರಿತು ಕಿರು ಸಾಕ್ಷ್ಯಚಿತ್ರ ತೆಗೆಯುವ ಬಗೆ

ಬೆಂಗಳೂರಿನ ಸಂಚಾರ ಠಾಣೆಯ ಎಎಸ್‌ಐ ಒಬ್ಬರನ್ನು ಕುರಿತು ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಹೊರಟವರು ಅವರ ಹುಟ್ಟೂರಿನಿಂದ ಪದಕದವರೆಗಿನ ಜೀವನಚರಿತ್ರೆಯನ್ನು ಕೈಬಿಟ್ಟು, ಒಂದು ವೃತ್ತದಲ್ಲಿ ಅವರು ಮಾಡುವ ಒಂದು ಪಾಳಿಯ ಕೆಲಸವನ್ನಷ್ಟೇ ಹಿಡಿದುಕೊಳ್ಳುವುದು ಒಳ್ಳೆಯದು. ಹೊಗಳಿಕೆಯ ಚಿತ್ರಗಳಿಗೆ ಇಲಾಖೆಯಲ್ಲಿ ಕೊರತೆಯಿಲ್ಲ.

ಠಾಣೆಯ ಇನ್‌ಸ್ಪೆಕ್ಟರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಇನ್‌ಫೆಂಟ್ರಿ ರಸ್ತೆಯಲ್ಲಿರುವ ನಗರ ಪೊಲೀಸ್ ಆಯುಕ್ತರ ಕಚೇರಿಗೆ ಸ್ಥಳ, ದಿನಾಂಕ, ತಂಡದವರ ಹೆಸರು ಮತ್ತು ಉಪಕರಣಗಳ ವಿವರದೊಂದಿಗೆ ಅರ್ಜಿ ಸಲ್ಲಿಸಿ, ಲಿಖಿತ ಅನುಮತಿಯ ಪ್ರತಿಯನ್ನು ಚಿತ್ರೀಕರಣದುದ್ದಕ್ಕೂ ಜೊತೆಯಲ್ಲಿ ಇಟ್ಟುಕೊಳ್ಳಬೇಕು.

ಚಿತ್ರೀಕರಣದಲ್ಲಿ ಮೊದಲು ಕಾಡುವುದು ಅವರ ಬಿಳಿ ಅಂಗಿ. ಮಧ್ಯಾಹ್ನದ ಬಿಸಿಲಿನಲ್ಲಿ ಮುಖಕ್ಕೆ ಬೆಳಕು ಹೊಂದಿಸಿದರೆ ಅಂಗಿಯ ಮಡಿಕೆ, ನಾಮಫಲಕಗಳೆಲ್ಲ ಬೆಳಕಿನಲ್ಲಿ ಕರಗಿಹೋಗುತ್ತವೆ. ಆದ್ದರಿಂದ ಲೆನ್ಸಿನೊಳಗೆ ಬರುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಅಂಗಿಯನ್ನು ನೋಡಿಕೊಂಡು ಬೆಳಕು ಹೊಂದಿಸಿ, ಮುಖದ ಬೆಳಕನ್ನು ಸಂಕಲನದಲ್ಲಿ ಸ್ವಲ್ಪ ಹೆಚ್ಚಿಸಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದಾದ ಕಾರಣ, ಸೆಕೆಂಡಿಗೆ 25 ಫ್ರೇಮ್ ಮತ್ತು 1/50 ಸೆಕೆಂಡಿನ ಷಟರ್ ವೇಗ ಇಟ್ಟರೆ ಬೀದಿದೀಪಗಳ ಮಿಣುಕು ಬಹುಮಟ್ಟಿಗೆ ತಪ್ಪುತ್ತದೆ. ಧ್ವನಿಯ ಪಾಡು ಇನ್ನೂ ಕಷ್ಟ: ಕಾಲರ್ ಮೈಕಿನ ಮಟ್ಟವನ್ನು ತಗ್ಗಿಸಿಡದಿದ್ದರೆ ಒಂದು ಸೀಟಿಯ ಸದ್ದಿಗೆ ಇಡೀ ಮಾತು ಒಡೆದುಹೋಗುತ್ತದೆ. ವಾಹನಗಳ ಸದ್ದನ್ನು ಬೇರೆಯಾಗಿ, ಕೆಲವು ನಿಮಿಷಗಳಷ್ಟು ಉದ್ದಕ್ಕೆ ದಾಖಲಿಸಿಕೊಂಡರೆ ಸಂಕಲನದ ಹೊತ್ತಿಗೆ ಕೈಹಿಡಿಯುತ್ತದೆ.

“ನಿಮ್ಮ ಸೇವೆಯ ಬಗ್ಗೆ ಹೇಳಿ” ಎಂದು ಕೇಳಿದರೆ ಭಾಷಣ ಬರುತ್ತದೆ. “ಬೆಳಿಗ್ಗೆ ಮನೆ ಎಷ್ಟೊತ್ತಿಗೆ ಬಿಟ್ರಿ ಸಾರ್? ಇಲ್ಲಿ ನಿಂತಾಗ ನೀರು, ಬಾತ್‌ರೂಮ್‌ಗೆಲ್ಲ ಏನು ಮಾಡ್ತೀರಿ?” ಎಂದು ಕೇಳಿ ಸುಮ್ಮನಿದ್ದರೆ, ವಾಕಿಟಾಕಿ ಕರೆಯುವ ತನಕ ಅವರು ತಾವಾಗಿಯೇ ಮಾತನಾಡುತ್ತಾರೆ. ವಾಕಿಟಾಕಿಯಲ್ಲಿ ಬರುವ ಸಂದೇಶಗಳನ್ನು ಮಾತ್ರ ಅನುಮತಿಯಿಲ್ಲದೆ ಬಳಸಬಾರದು.

ತಪಾಸಣೆಗೆ ಸಿಕ್ಕ ಸವಾರರ ಮುಖವನ್ನೂ ವಾಹನದ ನಂಬರನ್ನೂ ಅವರ ಒಪ್ಪಿಗೆಯಿಲ್ಲದೆ ತೋರಿಸದಿರುವುದು ಲೇಸು. ಠಾಣೆಯೊಳಗೆ ಕ್ಯಾಮೆರಾ ಒಯ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಲೈಂಗಿಕ ಅಪರಾಧಗಳ ಸಂತ್ರಸ್ತರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧವಾಗಿದ್ದು, ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಗುರುತಿಗೆ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ರಕ್ಷಣೆಯಿದೆ.

ಕರಡು ಚಿತ್ರವನ್ನು ಆ ಅಧಿಕಾರಿಗೆ ತೋರಿಸಿ, ಸಂಗತಿಯ ತಪ್ಪುಗಳನ್ನೂ ಗೋಪ್ಯ ವಿವರಗಳನ್ನೂ ತೆಗೆಯಬೇಕು. ಆದರೆ ಅಂತಿಮ ಸಂಕಲನದ ನಿರ್ಧಾರ ನಿರ್ದೇಶಕರದೇ ಎಂಬುದನ್ನು ಮೊದಲ ಅರ್ಜಿಯಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕು; ಚಿತ್ರೀಕರಣ ಮುಗಿದ ಮೇಲೆ ಈ ಮಾತು ಎತ್ತಿದರೆ ಒಪ್ಪಿಸುವುದು ಕಷ್ಟ.