ಮಗುವಿಗೆ ಗಿಟಾರ್‌ನಲ್ಲಿ ಮೊದಲ ಹಾಡು: ಮೂರು ತಂತಿ, ಆರು ಸ್ವರ ಸಾಕು

ಮಗುವಿಗೆ ಗಿಟಾರ್ ಕೊಡಿಸಿದ ಮೇಲೆ ಬಹಳ ಮನೆಗಳಲ್ಲಿ ನಡೆಯುವುದು ಇದು: ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ ಮಗುವನ್ನು ಕೂರಿಸುತ್ತಾರೆ, ವಿಡಿಯೋದಲ್ಲಿ ಮೊದಲ ದಿನವೇ ಜಿ ಕಾರ್ಡ್, ಸಿ ಕಾರ್ಡ್, ಡಿ ಕಾರ್ಡ್ (ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ಬಾರಿಸುವುದು) ಅಂತ ಶುರುವಾಗುತ್ತದೆ, ಏಳು ವರ್ಷದ ಮಗುವಿಗೆ ಮೂರು ಬೆರಳು ಮೂರು ಕಡೆ ಒಟ್ಟಿಗೆ ಒತ್ತಲು ಆಗುವುದಿಲ್ಲ, ಬೆರಳು ನೋಯುತ್ತದೆ, ಬರುವ ಸದ್ದು ಯಾವ ಹಾಡಿನ ಹಾಗೂ ಕೇಳುವುದಿಲ್ಲ. ಸ್ವಲ್ಪ ದಿನಕ್ಕೆ ಗಿಟಾರ್ ಕಪಾಟಿನ ಮೇಲೆ ಹತ್ತಿ ಕೂರುತ್ತದೆ. ಮಗುವಿಗೆ 'ನನಗೆ ಬರಲ್ಲ' ಅನ್ನೋದು ಮನಸ್ಸಿಗೆ ನಾಟಿಬಿಡುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ.

ನಾನು ಮುಂಬಯಿ ಹತ್ತಿರದ ಡೊಂಬಿವ್ಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳಿಗೆ ಸಂಜೆ ಹೊತ್ತು ಕಲಿಸುತ್ತೇನೆ. ಕನ್ನಡ ಮನೆಗಳ ಮಕ್ಕಳಿದ್ದಾರೆ, ಮರಾಠಿ ಮಕ್ಕಳೂ ಇದ್ದಾರೆ. ಎಲ್ಲರ ಅಪ್ಪ ಅಮ್ಮನಿಗೂ ಹೇಳುವುದು ಒಂದೇ: ಕಾರ್ಡ್ ಆಮೇಲೆ, ಮೊದಲು ಧಾಟಿ. ಮಗುವಿನ ಬಾಯಲ್ಲಿ ಈಗಾಗಲೇ ಇರುವ ಹಾಡನ್ನು ಒಂದೊಂದೇ ಸ್ವರವಾಗಿ ಬೆರಳಿಗೆ ಇಳಿಸಬೇಕು. ಅದಕ್ಕೆ ನಮ್ಮ ಹತ್ತಿರ ಸರಿಗಮ ಇದೆ. ನಿಮಗೆ ಗಿಟಾರ್ ಬರದಿದ್ದರೂ ಪರವಾಗಿಲ್ಲ, ಮಗುವಿನ ಜೊತೆ ಕೂತು ನೀವೂ ಕಲಿಯಬಹುದು.

ಮೊದಲು ಗಿಟಾರ್ ವಿಷಯ. ಮಕ್ಕಳಿಗೆ ನೈಲಾನ್ ತಂತಿಯ ಗಿಟಾರೇ ಸರಿ. ಸ್ಟೀಲ್ ತಂತಿ ಎಳೆ ಬೆರಳನ್ನು ಕೊರೆಯುತ್ತದೆ. ನೈಲಾನಿನ ಸದ್ದು ಮೆತ್ತಗಿರುವುದರಿಂದ ಪಕ್ಕದ ಫ್ಲ್ಯಾಟಿನವರು ಮಧ್ಯಾಹ್ನ ಮಲಗಿದ್ದರೂ ತೊಂದರೆ ಇಲ್ಲ. ಅಳತೆ ಸುಮಾರಾಗಿ ಹೀಗೆ: 5-6 ವರ್ಷಕ್ಕೆ ಕಾಲು ಸೈಜ್, 6ರಿಂದ 9ಕ್ಕೆ ಅರ್ಧ ಸೈಜ್, ಅಲ್ಲಿಂದ 11ರವರೆಗೆ ಮುಕ್ಕಾಲು ಸೈಜ್. ವಯಸ್ಸಿಗಿಂತ ಕೈ ಉದ್ದ ಮುಖ್ಯ, ಹಾಗಾಗಿ ಮಗುವನ್ನು ಕರೆದುಕೊಂಡೇ ಹೋಗಿ, ಅಂಗಡಿಯಲ್ಲಿ ಕೂರಿಸಿ ಹಿಡಿಸಿ ನೋಡಿ. ಮುಂಬಯಿಯ ಧೋಬಿ ತಲಾವ್‌ನಲ್ಲಿ 1865ರಲ್ಲಿ ಶುರುವಾದ ಫುರ್ಟಾಡೋಸ್ ಅನ್ನುವ ವಾದ್ಯಗಳ ಅಂಗಡಿ ಇದೆ. ಲೋಕಲ್ ರೈಲಿನ ಸೆಂಟ್ರಲ್ ಲೈನಿನವರು ಸಿಎಸ್‌ಎಮ್‌ಟಿ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು, ವೆಸ್ಟರ್ನ್‌ನವರಿಗೆ ಮರೀನ್ ಲೈನ್ಸ್ ಹತ್ತಿರ. ಒಂದು ಮಾತು ಮರೆಯಬೇಡಿ: ನೈಲಾನ್ ಗಿಟಾರಿಗೆ ಯಾವತ್ತೂ ಸ್ಟೀಲ್ ತಂತಿ ಹಾಕಿಸಬೇಡಿ. ಆ ಎಳೆತಕ್ಕೆ ತಂತಿ ಕಟ್ಟಿರುವ ಬ್ರಿಡ್ಜ್ ಕಿತ್ತು ಬರುತ್ತದೆ.

ಅಣ್ಣನದೋ ಮಾವನದೋ ದೊಡ್ಡ ಗಿಟಾರ್ ಮನೆಯಲ್ಲೇ ಇದೆ, ಹೊಸದಕ್ಕೆ ದುಡ್ಡು ಹಾಕುವುದು ಬೇಡ ಅನ್ನುವವರು ಒಂದು ಕೇಪೋ ತನ್ನಿ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್. ಅದನ್ನು 5ನೇ ಫ್ರೆಟ್‌ಗೆ ಹಾಕಿ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳಿಂದ ಆಗಿರುವ ಮನೆ, ತಲೆಯ ಕಡೆಯಿಂದ ಎಣಿಸಿ). ಫುಲ್ ಸೈಜ್ ಗಿಟಾರಿನ ತಂತಿಯ ಉದ್ದ 65 ಸೆಂಟಿಮೀಟರ್. ಕೇಪೋ ಹಾಕಿದರೆ ಮಗುವಿಗೆ ಸಿಗುವುದು ಸುಮಾರು 49 ಸೆಂಟಿಮೀಟರ್ ಮಾತ್ರ. ಫ್ರೆಟ್‌ಗಳು ಹತ್ತಿರ ಹತ್ತಿರ ಬರುತ್ತವೆ, ಕೈ ಜಾಸ್ತಿ ಚಾಚಬೇಕಿಲ್ಲ. ಇನ್ನೊಂದು ಲಾಭವೂ ಇದೆ, ಅದನ್ನು ಹಾಡುವ ಹೊತ್ತಿಗೆ ಹೇಳುತ್ತೇನೆ.

ಶ್ರುತಿ ಮಾಡುವುದು ನಿಮ್ಮ ಕೆಲಸ, ಮಗುವಿನದ್ದಲ್ಲ. ಮೊಬೈಲಿನಲ್ಲಿ ಯಾವುದಾದರೂ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಇ, ಎ, ಡಿ, ಜಿ, ಬಿ, ಇ. ಕೇಪೋ ತೆಗೆದೇ ಶ್ರುತಿ ಮಾಡಿ, ಆಮೇಲೆ ಹಾಕಿ. ಹೊಸ ನೈಲಾನ್ ತಂತಿ ಕೆಲವು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ, ಬೆಳಿಗ್ಗೆ ಸರಿ ಮಾಡಿದ್ದು ಸಂಜೆಗೆ ಇಳಿದಿರುತ್ತದೆ. ಗಿಟಾರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆದರೆ ಶ್ರುತಿ ತಪ್ಪಿದ ಗಿಟಾರನ್ನು ಮಗುವಿನ ಕೈಗೆ ಮಾತ್ರ ಕೊಡಬೇಡಿ. ಬೆರಳು ಸರಿಯಾಗಿಯೇ ಒತ್ತಿದ್ದರೂ ಸ್ವರ ತಪ್ಪು ಕೇಳಿದರೆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ.

ಈಗ ಹಾಡು. 'ಟ್ವಿಂಕಲ್ ಟ್ವಿಂಕಲ್' ಧಾಟಿಯನ್ನೇ ತೆಗೆದುಕೊಳ್ಳಿ. ಇದು ಫ್ರಾನ್ಸಿನ ಹಳೆಯ ಧಾಟಿ, ಸಂಗೀತಗಾರ ಮೊಝಾರ್ಟ್ ಇದರ ಮೇಲೆ 12 ವೇರಿಯೇಶನ್ (ಅದೇ ಧಾಟಿಯ ಬೇರೆ ಬೇರೆ ರೂಪ) ಬರೆದಿದ್ದಾನೆ. ಸ್ಕೂಲಿನ ಎಬಿಸಿಡಿ ಹಾಡಿಗೂ ಇದೇ ಧಾಟಿ, ಹಾಗಾಗಿ ಇದು ಬಾಯಿಗೆ ಬರದ ಮಗು ಇಲ್ಲ. ನಮ್ಮ ಲೆಕ್ಕದಲ್ಲಿ ಇದು ಶಂಕರಾಭರಣದ ಸ್ವರಗಳು, ಹಿಂದೂಸ್ತಾನಿಯಲ್ಲಿ ಬಿಲಾವಲ್. ಸರಿಗಮದಲ್ಲಿ ಹೀಗೆ ಬರುತ್ತದೆ:

ಸ ಸ ಪ ಪ ದ ದ ಪ
ಮ ಮ ಗ ಗ ರಿ ರಿ ಸ
ಪ ಪ ಮ ಮ ಗ ಗ ರಿ
ಪ ಪ ಮ ಮ ಗ ಗ ರಿ

ಆಮೇಲೆ ಮೊದಲ ಎರಡು ಸಾಲು ಮತ್ತೆ. ಪ್ರತಿ ಸಾಲಿನ ಕೊನೆಯ ಸ್ವರವನ್ನು ಎರಡು ಎಣಿಕೆ ಎಳೆಯಿರಿ. ಒಟ್ಟು ಆರೇ ಸ್ವರ, ನಿ ಇಲ್ಲವೇ ಇಲ್ಲ.

ಗಿಟಾರ್ ಮುಟ್ಟುವ ಮೊದಲು ಇದನ್ನು ಹಾಡಿಸಿ. ಕೈಯಲ್ಲಿ ತಾಳ ಹಾಕಿಕೊಂಡು, ಅಡುಗೆಮನೆಯಲ್ಲಿ, ಸ್ಕೂಲಿಗೆ ಹೋಗುವ ರಿಕ್ಷಾದಲ್ಲಿ, ಎಲ್ಲಿ ಬೇಕಾದರೂ. ಸ್ವರ ಬಾಯಲ್ಲಿ ಗಟ್ಟಿಯಾದರೆ ಬೆರಳು ತಪ್ಪಿದಾಗ ಕಿವಿಯೇ ಹೇಳುತ್ತದೆ, ನೀವು ಪಕ್ಕದಲ್ಲಿ ಕೂತು 'ತಪ್ಪು, ತಪ್ಪು' ಅನ್ನಬೇಕಾಗುವುದಿಲ್ಲ. ಮಾತು ಬೇಕು ಅಂದರೆ ಕನ್ನಡದ್ದೇ ಹಾಕಿ. ಇಲ್ಲಿಯ ಮಕ್ಕಳಿಗೆ ಸ್ಕೂಲಿನಲ್ಲಿ ಇಂಗ್ಲಿಷು, ಕೆಳಗೆ ಆಡುವಾಗ ಮರಾಠಿ, ಹಿಂದಿ; ಕನ್ನಡ ಸಿಗುವುದು ಮನೆಯಲ್ಲಷ್ಟೇ. ನಮ್ಮ ಮಕ್ಕಳ ಜೊತೆ ನಾನು ಹಾಡುವುದು ಇದು, ಸಾಲಿಗೆ ಏಳು ಅಕ್ಷರ, ಸ್ವರಕ್ಕೆ ಒಂದರಂತೆ:

ಮಳೆ ಬಂತು ಬಾ ಬಾ ಬಾ
ಕೊಡೆ ಎಲ್ಲಿ ತಾ ತಾ ತಾ
ರೈಲು ಬಂತು ಕೂ ಕೂ ಕೂ
ಬೇಗ ಹತ್ತು ಹೂಂ ಹೂಂ ಹೂಂ

ನೀವು ನಿಮ್ಮದೇ ಕಟ್ಟಿಕೊಳ್ಳಿ. ಮಗುವಿನ ಹೆಸರು ಸೇರಿಸಿದರೆ ಇನ್ನೂ ಖುಷಿ.

ಇನ್ನು ಸ್ವರಗಳು ಎಲ್ಲಿವೆ ಅಂತ ನೋಡೋಣ. ಎಲ್ಲಕ್ಕಿಂತ ಸಣ್ಣ ತಂತಿ 1ನೆಯದು, ಗಿಟಾರ್ ಹಿಡಿದು ಕೂತಾಗ ಅದು ನೆಲದ ಕಡೆಗಿರುತ್ತದೆ. 'ಮೇಲಿನ ತಂತಿ', 'ಕೆಳಗಿನ ತಂತಿ' ಅಂತ ಹೇಳಲು ಹೋಗಬೇಡಿ, ಮಕ್ಕಳಿಗೆ ಗೊಂದಲವಾಗುತ್ತದೆ. ನಂಬರೇ ಹೇಳಿ. ಸ ಅಂದರೆ 3ನೇ ತಂತಿ, ಏನೂ ಒತ್ತದೆ ಖಾಲಿ. ರಿ ಅದೇ ತಂತಿಯ 2ನೇ ಫ್ರೆಟ್. ಗ 2ನೇ ತಂತಿ, ಖಾಲಿ. ಮ 2ನೇ ತಂತಿಯ 1ನೇ ಫ್ರೆಟ್. ಪ ಅದೇ ತಂತಿಯ 3ನೇ ಫ್ರೆಟ್. ದ 1ನೇ ತಂತಿ, ಖಾಲಿ. ಅಂದರೆ ಮೂರು ಸ್ವರಕ್ಕೆ ಎಡಗೈ ಬೇಕಾಗಿಯೇ ಇಲ್ಲ! ಉಳಿದ ಮೂರಕ್ಕೆ ಒಂದೊಂದು ಬೆರಳು: 1ನೇ ಫ್ರೆಟ್‌ಗೆ ತೋರುಬೆರಳು, 2ನೆಯದಕ್ಕೆ ನಡುಬೆರಳು, 3ನೆಯದಕ್ಕೆ ಉಂಗುರಬೆರಳು. ಕೇಪೋ ಹಾಕಿದ್ದರೆ ಫ್ರೆಟ್‌ಗಳನ್ನು ಕೇಪೋದಿಂದ ಎಣಿಸಿ, ಬೇರೇನೂ ಬದಲಾಗುವುದಿಲ್ಲ.

ಕೇಪೋದ ಇನ್ನೊಂದು ಲಾಭ ಇಲ್ಲಿದೆ. ಖಾಲಿ 3ನೇ ತಂತಿ 196 ಹರ್ಟ್ಸ್, ಮಕ್ಕಳ ದನಿಗೆ ಅದು ತೀರಾ ಕೆಳಗೆ. 5ನೇ ಫ್ರೆಟ್‌ನಲ್ಲಿ ಕೇಪೋ ಹಾಕಿದರೆ ಸ 262 ಹರ್ಟ್ಸ್‌ಗೆ ಏರುತ್ತದೆ, ಮಗು ಬಾರಿಸುತ್ತಾ ಆರಾಮಾಗಿ ಹಾಡಬಹುದು. ಅದಕ್ಕೇ ಅರ್ಧ ಸೈಜ್ ಗಿಟಾರ್ ಇದ್ದರೂ ಹಾಡಿಕೊಂಡು ಬಾರಿಸುವಾಗ ನಾನು ಕೇಪೋ ಹಾಕಿಸುತ್ತೇನೆ.

ಕೂರಲು ಕೈ ಇಲ್ಲದ ಕುರ್ಚಿ, ಕಾಲು ನೇತಾಡದ ಹಾಗೆ ಕೆಳಗೊಂದು ಮಣೆ. ಗಿಟಾರಿನ ಕತ್ತು ಸ್ವಲ್ಪ ಮೇಲಕ್ಕಿರಲಿ. ಎಡಗೈ ಉಗುರು ಚೆನ್ನಾಗಿ ಕತ್ತರಿಸಿರಬೇಕು. ಬಲಗೈಗೆ ಪಿಕ್ (ತಂತಿ ಮೀಟುವ ಪುಟ್ಟ ಚೂರು) ಈಗ ಬೇಡ, ಹೆಬ್ಬೆರಳಿನಿಂದಲೇ ಮೀಟಲಿ.

ಶುರು ಮಾಡುವಾಗ ಹಾಡಿನ ಮೊದಲ ಸಾಲಿನಿಂದ ಶುರು ಮಾಡಬೇಡಿ. ಎರಡನೆಯ ಸಾಲು ಸುಲಭ: ಮ ಮ ಗ ಗ ರಿ ರಿ ಸ. ತೋರುಬೆರಳು ಒತ್ತು, ಎತ್ತು, ನಡುಬೆರಳು ಪಕ್ಕದ ತಂತಿಗೆ, ಎತ್ತು. ಇಳಿಯುತ್ತಾ ಬಂದು ಸ ಮೇಲೆ ನಿಲ್ಲುವುದರಿಂದ ಒಂದು ಸಾಲು ಬಾರಿಸಿದರೂ ಏನೋ ಮುಗಿಸಿದ ಹಾಗೆ ಕೇಳುತ್ತದೆ. ಅದು ಬಂದ ಮೇಲೆ ಮೂರನೆಯ ಸಾಲು. ಮೊದಲನೆಯದು ಕೊನೆಗೆ.

ಯಾಕೆ ಅಂದರೆ ಕಷ್ಟ ಇರುವುದು ಅಲ್ಲೇ, ಪ ಪ ಆದ ಮೇಲೆ ದ ದ ಬರುವ ಜಾಗದಲ್ಲಿ. ಹತ್ತಿರದಿಂದ ನೋಡಿ: ಉಂಗುರಬೆರಳು 2ನೇ ತಂತಿಯ 3ನೇ ಫ್ರೆಟ್‌ನಲ್ಲಿದೆ, ಪ ಚೆನ್ನಾಗಿಯೇ ಬಂತು. ಮಗು ಈಗ 1ನೇ ತಂತಿ ಮೀಟುತ್ತದೆ. ದ ಬರಬೇಕು, ಬರುವುದು 'ಥಪ್' ಅನ್ನುವ ಸತ್ತ ಸದ್ದು. ಬೆರಳು ಮಲಗಿಬಿಟ್ಟಿದೆ, ಅದರ ಕೆಳಭಾಗ ಪಕ್ಕದ 1ನೇ ತಂತಿಗೆ ತಾಗಿದೆ. ಬೆರಳನ್ನು ಬಗ್ಗಿಸಿ ತುದಿಯ ಮೇಲೆ ನಿಲ್ಲಿಸಬೇಕು, ಉಗುರು ಮಗುವಿನ ಮುಖದ ಕಡೆಗೆ ಕಾಣುವ ಹಾಗೆ. ಮಣಿಕಟ್ಟು ಸ್ವಲ್ಪ ಮುಂದೆ ಬಂದರೆ ಬೆರಳು ತಾನಾಗಿ ಎದ್ದು ನಿಲ್ಲುತ್ತದೆ. ಮೊದಮೊದಲು ಪ ಆದ ತಕ್ಷಣ ಬೆರಳನ್ನು ಪೂರ್ತಿ ಎತ್ತಿ ದ ಬಾರಿಸಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊನೆಗೆ ಮತ್ತೆ ಪ ಇದೆ ನೋಡಿ, ಎತ್ತಿದ ಬೆರಳು ಅದೇ ಜಾಗಕ್ಕೆ ವಾಪಸ್ ಬರಬೇಕು. ಹಾಗಾಗಿ ಸ್ವಲ್ಪ ರೂಢಿಯಾದ ಮೇಲೆ ಬೆರಳು ಎತ್ತದೆ ಪ ದ ಪ, ಪ ದ ಪ ಅಂತ ಅಷ್ಟನ್ನೇ ಬಾರಿಸಲಿ. ಈ ತುಣುಕು ಬಂದರೆ ಹಾಡು ಬಂದಂತೆಯೇ.

ಸದ್ದನ್ನು ಓದುವುದನ್ನು ನೀವು ಕಲಿತರೆ ಸಾಕು. 'ಜ್‌ಜ್' ಅಂತ ನಡುಗಿದರೆ ಬೆರಳು ಫ್ರೆಟ್‌ನ ಲೋಹದ ಪಟ್ಟಿಯಿಂದ ದೂರ ಇದೆ, ಇಲ್ಲವೇ ಒತ್ತಿದ್ದು ಸಾಲದು. ಮಂಕಾಗಿ ಕೇಳಿದರೆ ಬೆರಳು ಪಟ್ಟಿಯ ಮೇಲೆಯೇ ಕೂತಿದೆ. ಪಟ್ಟಿಗೆ ಅಂಟಿಕೊಂಡ ಹಾಗೆ, ಅದರ ಹಿಂದೆ ಒತ್ತಿದರೆ ಕಡಿಮೆ ಬಲ ಸಾಕು. ಮಕ್ಕಳು ನೋವು ಅನ್ನುವುದು ಹೆಚ್ಚಾಗಿ ದೂರದಿಂದ ಜೋರಾಗಿ ಒತ್ತುವುದರಿಂದ.

ದಿನಕ್ಕೆ ಹತ್ತು ನಿಮಿಷ ಸಾಕು, ಭಾನುವಾರ ಒಂದು ಗಂಟೆ ಕೂರಿಸುವುದಕ್ಕಿಂತ ಅದು ಎಷ್ಟೋ ಮೇಲು. ಗಿಟಾರ್ ಕೈಗೆ ಸಿಗುವ ಹಾಗೆ ಹೊರಗೇ ಇರಲಿ. ಮಳೆಗಾಲ ಮಾತ್ರ ಬೇರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯ ತೇವಕ್ಕೆ ಮರ ಉಬ್ಬುತ್ತದೆ, ತಂತಿ ಒತ್ತಲು ಬಿಗಿಯಾಗುತ್ತದೆ. ಬಾರಿಸಿದ ಮೇಲೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬ್ಯಾಗಿನಲ್ಲಿಡಿ, ನೀರು ಜಿನುಗುವ ಹೊರಗೋಡೆಗೆ ಒರಗಿಸಬೇಡಿ.

ಧಾಟಿ ತಡವರಿಸದೆ ಬಂದ ಮೇಲೆ, ಕಾರ್ಡ್ ನೀವು ಬಾರಿಸಿ. ಸ ಸ ಪ ಪಕ್ಕೆ ಜಿ, ದ ದಕ್ಕೆ ಸಿ, ಪಕ್ಕೆ ಜಿ. ಮ ಮಕ್ಕೆ ಸಿ, ಗ ಗಕ್ಕೆ ಜಿ, ರಿ ರಿಗೆ ಡಿ, ಸಕ್ಕೆ ಜಿ. ಮಧ್ಯದ ಸಾಲುಗಳಿಗೆ ಜಿ, ಸಿ, ಜಿ, ಡಿ. ಮಗುವಿನ ಗಿಟಾರಿಗೆ ಕೇಪೋ ಇದ್ದರೆ ನಿಮ್ಮದಕ್ಕೂ 5ನೇ ಫ್ರೆಟ್‌ನಲ್ಲೇ ಇರಲಿ. ತನ್ನ ಒಂಟಿ ಸ್ವರದ ಕೆಳಗೆ ಕಾರ್ಡ್ ಬಂದು ಸೇರಿದಾಗ ಮಕ್ಕಳು ಒಂದು ಕ್ಷಣ ಕೈ ನಿಲ್ಲಿಸಿ ನಿಮ್ಮ ಗಿಟಾರ್ ಕಡೆ ತಿರುಗಿ ನೋಡುತ್ತಾರೆ. ನೀವು ನಿಲ್ಲಿಸಬೇಡಿ, ಜಿ ಹಿಡಿದು ಬಾರಿಸುತ್ತಾ ಇರಿ, ಅವರೇ ಮತ್ತೆ ಸ ಸದಿಂದ ಸೇರಿಕೊಳ್ಳುತ್ತಾರೆ.

ಸೊಸೈಟಿಯ ಗಣಪತಿ ಕಾರ್ಯಕ್ರಮದಲ್ಲಿ ಹೀಗೆ ಇಬ್ಬರೂ ಸೇರಿ ಬಾರಿಸಬಹುದು. ಪೆಂಡಾಲಿನಲ್ಲಿ ಸೆಖೆ ಜಾಸ್ತಿ, ಮನೆಯಲ್ಲಿ ಮಾಡಿದ ಶ್ರುತಿ ಅಲ್ಲಿ ನಿಲ್ಲುವುದಿಲ್ಲ. ಅರ್ಧ ಗಂಟೆ ಮೊದಲೇ ಗಿಟಾರ್ ಕೆಳಗೆ ಒಯ್ದು, ಸ್ಟೇಜ್ ಹತ್ತುವ ಮುಂಚೆ ಇನ್ನೊಮ್ಮೆ ಟ್ಯೂನರ್ ಹಿಡಿದು ನೋಡಿ.