ಬೇಗ ಮಲಗಿಸಲು ಮೊದಲು ತಡವಾಗಿ ಮಲಗಿಸಿದೆ

ಮಕ್ಕಳನ್ನು ಬೇಗ ಮಲಗಿಸಲು ಮೊದಲು ತಡವಾಗಿ ಮಲಗಿಸ್ತೀನಿ ಅಂದಾಗ ಮನೆಯವರೆಲ್ಲ ನಕ್ಕರು. ‘ಇರೋದನ್ನೂ ಕೆಡಿಸ್ತೀಯ’ ಅಂದರು. ಈಗ ನಾಲ್ಕು ವರ್ಷದ ಮಗಳು ಎಂಟೂವರೆಗೆಲ್ಲ ನಿದ್ದೆ ಹೋಗುತ್ತಾಳೆ, ಒಂಬತ್ತರ ಮಗ ಒಂಬತ್ತೂಕಾಲಿಗೆ. ನಕ್ಕವರೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ.

ದಿನಕ್ಕೆ ಎಷ್ಟು ನಿದ್ದೆ ಬೇಕು ಅನ್ನುವ ಲೆಕ್ಕ ನಿಮಗೆ ಗೊತ್ತಿರುವುದೇ: 3-5 ವರ್ಷಕ್ಕೆ 10-13 ಗಂಟೆ, 6-12ಕ್ಕೆ 9-12, ಹದಿಹರೆಯಕ್ಕೆ 8-10. ಚಿಕ್ಕವರಿಗೆ ಹಗಲುನಿದ್ದೆಯೂ ಇದರಲ್ಲೇ ಸೇರಿತು. ನಮ್ಮ ಪೇಚಾಟವೆಲ್ಲ ಅಲ್ಲೇ ಇತ್ತು. ಮಧ್ಯಾಹ್ನ ಎರಡು ಗಂಟೆ ಗಡದ್ದಾಗಿ ಮಲಗಿ ನಾಲ್ಕೂವರೆಗೆ ಎದ್ದ ಹುಡುಗಿಗೆ ರಾತ್ರಿ ಎಂಟಕ್ಕೆ ನಿದ್ದೆ ಎಲ್ಲಿಂದ ಬರಬೇಕು?

ಅದು ಹೊಳೆಯುವ ಮೊದಲು ಸುರಿದ ದುಡ್ಡು ಕೇಳಬೇಡಿ. ಸೂರಿನ ಮೇಲೆ ನಕ್ಷತ್ರ ಮೂಡಿಸುವ ದೀಪ, ಮಳೆ ಸದ್ದಿನ ಡಬ್ಬಿ, ದಪ್ಪ ಪರದೆ, ಎಲ್ಲ ಸೇರಿ ಹೆಚ್ಚುಕಮ್ಮಿ ಒಂದು ತಿಂಗಳ ದಿನಸಿ. ಪರದೆಯೊಂದು ದಂಡವಾಗಲಿಲ್ಲ. ನಕ್ಷತ್ರ ಎಣಿಸುತ್ತ ಅವಳು ಇನ್ನೊಂದು ಗಂಟೆ ಎಚ್ಚರವಿದ್ದಳು.

ಕೊನೆಗೆ ಏಳುವ ಹೊತ್ತನ್ನು ಆರೂಮುಕ್ಕಾಲಿಗೆ ಗಟ್ಟಿ ಮಾಡಿದೆ, ಭಾನುವಾರವೂ. ಹಗಲುನಿದ್ದೆ ಮುಕ್ಕಾಲು ಗಂಟೆ, ಮೂರರೊಳಗೆ ಎಬ್ಬಿಸುವುದು. ಅವಳಿಗೆ ನಿಜಕ್ಕೂ ಕಣ್ಣು ಹತ್ತುತ್ತಿದ್ದದ್ದು ಹತ್ತರ ಸುಮಾರಿಗೆ. ಹಾಗಾಗಿ ಹಾಸಿಗೆಗೆ ಒಯ್ದದ್ದೂ ಹತ್ತಕ್ಕೇ. ಇಪ್ಪತ್ತು ನಿಮಿಷದೊಳಗೆ ನಿದ್ದೆ ಬರುವುದು ಎರಡು ಮೂರು ರಾತ್ರಿ ನಡೆದರೆ ಮಲಗಿಸುವುದು ಹದಿನೈದು ನಿಮಿಷ ಬೇಗ. ಬರದಿದ್ದರೆ ಅಲ್ಲೇ ನಿಲ್ಲುವುದು. ಮೊದಮೊದಲು ಸಂಜೆ ಆರಕ್ಕೆ ತಟ್ಟೆ ಮುಂದೆ ತೂಕಡಿಸುತ್ತಿದ್ದಳು, ಎಂಟಕ್ಕೆ ಮತ್ತೆ ಹುರುಪು ಬಂದು ಮಂಚದಿಂದ ಮಂಚಕ್ಕೆ ಹಾರುತ್ತಿದ್ದಳು. ಮೊದಲ ವಾರ ಮನೆಯವರೆಲ್ಲ ಇದಕ್ಕೇ ಹೆದರಿ ಬಿಟ್ಟುಬಿಡು ಅಂದರು. ಬಿಡಲಿಲ್ಲ. ಒಂದು ತಿಂಗಳ ಮೇಲೆ ಹಿಡಿಯಿತು.

ನಡುವೆ ಬಿಸಿನೀರ ಸ್ನಾನವನ್ನೂ ನೋಡಿದೆ. ಮಗನಿಗೆ ಒಗ್ಗಿತು, ಮಗಳಿಗೆ ಅದೇ ಆಟವಾಯಿತು. ಊಟವಾದ ಮೇಲೆ ದೊಡ್ಡ ದೀಪ ಆರಿಸಿದ್ದು ಮಾತ್ರ ಇಬ್ಬರಿಗೂ ಕೆಲಸ ಮಾಡಿತು. ರಾತ್ರಿಯಾಯಿತೆಂದು ದೇಹಕ್ಕೆ ಹೇಳುವ ಹಾರ್ಮೋನು ಮೆಲಟೋನಿನ್, ಚಿಕ್ಕ ಮಕ್ಕಳಲ್ಲಿ ಅದು ಬೆಳಕಿಗೆ ಬೇಗ ಕುಸಿಯುತ್ತದೆ. ದೀಪ ಆರಿಸಿದ ಮೇಲೆ ಮಗಳ ಕಿವಿಯಲ್ಲಿ ಹೇಳುವ ಒಂದು ಮಾತಿದೆ, ಅದು ನಮ್ಮಿಬ್ಬರಲ್ಲೇ ಇರಲಿ.

ಹುರುಪಿನಲ್ಲಿ ಅಕ್ಕನ ಮಗನ ಮೇಲೂ ಕೈಯಿಟ್ಟೆ. ವಯಸ್ಸು ಹದಿನಾಲ್ಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡಕ್ಕೆ ಜರುಗುತ್ತದೆ, ಒಂಬತ್ತಕ್ಕೆ ಮಲಗು ಅಂದರೆ ಸೂರು ನೋಡುತ್ತಾನೆ. ಎದ್ದ ಕೂಡಲೇ ಬಿಸಿಲಿಗೆ ಕಳಿಸಿ, ಭಾನುವಾರ ಒಂದೇ ಗಂಟೆ ಹೆಚ್ಚು ಮಲಗಲು ಬಿಟ್ಟು, ಹನ್ನೆರಡರಿಂದ ಹತ್ತೂವರೆಗೆ ತಂದೆವು. ಅದಕ್ಕಿಂತ ಹಿಂದೆ ಬರುತ್ತಿಲ್ಲ. ಅವನ ಶಾಲೆ ಏಳೂವರೆಗೆ ಶುರು, ಅದನ್ನು ಹದಿನೈದು ನಿಮಿಷ ಜರುಗಿಸುವ ವಿದ್ಯೆ ನನ್ನ ಹತ್ತಿರ ಇಲ್ಲ.