ಚಿಕ್ಕಮಗಳೂರಿನಿಂದ ಹೈದರಾಬಾದಿಗೆ: ನಾನು ಹೊತ್ತು ಲೆಕ್ಕ ಹಾಕಿದ ಬಗೆ

ತಂಗಿ ಹೈದರಾಬಾದಿನ ಅತ್ತಾಪುರದಲ್ಲಿದ್ದಾಳೆ. ಮಂಡಿನೋವಿನ ಅಮ್ಮನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ಯುವಾಗ ನಾನು ವಿಮಾನದ ಟಿಕೆಟ್ಟಿನಲ್ಲಿದ್ದ ಒಂದೂಕಾಲು ಗಂಟೆಯನ್ನಷ್ಟೇ ನೋಡಿದ್ದೆ. ಬೆಳಿಗ್ಗೆ 5.15ಕ್ಕೆ ಮನೆ ಬಿಟ್ಟೆವು. ಬೇಲೂರು, ಹಾಸನ ದಾಟಿ ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದು, ಬೆಂಗಳೂರೊಳಗೆ ಹೋಗದೆ ನೆಲಮಂಗಲದಲ್ಲೇ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರಿದಾಗ 11 ದಾಟಿತ್ತು. ತಂಗಿಯ ಮನೆ ಬಾಗಿಲು ತಟ್ಟಿದಾಗ ಮಧ್ಯಾಹ್ನ 3.45. ಹತ್ತೂವರೆ ಗಂಟೆ! ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಗಡಿಯಾರ ನೋಡಿದ್ದೆ, ಬರೀ 55 ನಿಮಿಷ. "ಇಷ್ಟು ಬೇಗ ಬರೋದಕ್ಕೆ ಕತ್ಲಲ್ಲಿ ಯಾಕಪ್ಪಾ ಎಬ್ಬಿಸ್ದೆ?" ಅಂತ ಅಮ್ಮ ಕಾಲು ನೀವಿಕೊಳ್ಳುತ್ತಾ ಕೇಳಿದಾಗ ನಿಜಕ್ಕೂ ಬೇಜಾರಾಯಿತು.

ಊರಿಗೆ ಬಂದವನೇ ಮಗಳ ಶಾಲೆಯ ಅಟ್ಲಾಸು ತೆಗೆದೆ. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ದೇವನಹಳ್ಳಿ 13.2 ಡಿಗ್ರಿಯಲ್ಲಿ, ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದ್ 17.2ರಲ್ಲಿ. ನಾಲ್ಕು ಡಿಗ್ರಿ, ಕೊಂಚ ಓರೆ ಸೇರಿಸಿದರೆ 455 ಕಿ.ಮೀ. ಆಸುಪಾಸು. ಗಂಟೆಗೆ 800 ಕಿ.ಮೀ. ಹಾರುವ ಜೆಟ್‌ಗೆ ಅರ್ಧ ಗಂಟೆಯ ದಾರಿ ಅನ್ನಿಸುತ್ತದೆ. ಆದರೆ ಅಷ್ಟು ವೇಗ ಸಿಗುವುದು ಮೇಲೆ ಏರಿದ ಮೇಲೆ; ಏರುವಾಗ, ಇಳಿಯುವಾಗ, ಗಾಳಿಗೆ ಎದುರಾಗಿ ರನ್‌ವೇಗೆ ತಿರುಗುವಾಗ ಅದು ನಿಧಾನ. ಟಿಕೆಟ್ಟಿನ ಹೊತ್ತಿನಲ್ಲಿ ವಿಮಾನ ನೆಲದ ಮೇಲೆ ಉರುಳುವ ನಿಮಿಷಗಳೂ ಸೇರಿರುತ್ತವೆ.

ಅಟ್ಲಾಸಿನ ಮೇಲೆ ಹೊಲಿಗೆ ದಾರ ಹಿಡಿದು ಶಿವಮೊಗ್ಗದಿಂದಲೂ ಅಳೆದೆ. ಸುಮಾರು 480 ಕಿ.ಮೀ., ಅಂದರೆ ಆಕಾಶದಲ್ಲಿ ಹೆಚ್ಚೇನೂ ದೂರವಿಲ್ಲ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣ ನಮ್ಮ ಮನೆಯಿಂದ ತರೀಕೆರೆ ಮೇಲೆ ನೂರು ಕಿ.ಮೀ. ಒಳಗೇ ಇದೆ. ಮುಂದಿನ ಸಲ ಅಲ್ಲಿಂದಲೇ ಹೊರಟೆವು. ಅದು ರೆಕ್ಕೆಯಲ್ಲಿ ಫ್ಯಾನು ತಿರುಗುವ ಎಟಿಆರ್ ವಿಮಾನ, ಗಂಟೆಗೆ 500 ಕಿ.ಮೀ. ಹತ್ತಿರ ಓಡುತ್ತದೆ. ಹಾಗಾಗಿ ಹಾರಾಟಕ್ಕೆ ಒಂದೂವರೆ ಗಂಟೆ ಮೇಲಾಯಿತು. ಆದರೆ 9ಕ್ಕೆ ಮನೆ ಬಿಟ್ಟವರು ಮೂರೂಕಾಲಿಗೆ ತಂಗಿಯ ಮನೆಯಲ್ಲಿದ್ದೆವು. ನಿಧಾನದ ವಿಮಾನದಲ್ಲಿ ಹೋಗಿಯೂ ನಾಲ್ಕು ಗಂಟೆಗೂ ಹೆಚ್ಚು ಉಳಿಯಿತು. ಅಮ್ಮ ನಸುಕಿನಲ್ಲಿ ಏಳಬೇಕಾಗಲಿಲ್ಲ, ಮನೆಯಲ್ಲೇ ತಿಂಡಿ ತಿಂದು ಮಾತ್ರೆ ತಗೊಂಡರು. ನನಗೆ ಅದು ಎಲ್ಲಕ್ಕಿಂತ ದೊಡ್ಡದು.

ಈಗ ನಾನು ಟಿಕೆಟ್ಟು ಮಾಡುವ ಮುಂಚೆ ಹೊಸಿಲಿನಿಂದ ಹೊಸಿಲಿಗೆ ಹೊತ್ತು ಬರೆದುಕೊಳ್ಳುತ್ತೇನೆ. ಲಗೇಜು ಕೊಡುವ ಕೌಂಟರು ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆದ್ದರಿಂದ ಅದಕ್ಕಿಂತ ಅರ್ಧ ಗಂಟೆ ಮುಂಚೆ ಅಲ್ಲಿರುವ ಹಾಗೆ. ವಯಸ್ಸಾದವರಿದ್ದರೆ ಗಾಲಿಕುರ್ಚಿ ಬೇಕೆಂದು ಟಿಕೆಟ್ಟಿನ ಜೊತೆಗೇ ಹೇಳಿಬಿಡಿ.

ಒಂದು ತೊಂದರೆ ಮಳೆಗಾಲದ್ದು. ಕಳೆದ ಜುಲೈನಲ್ಲಿ ತರೀಕೆರೆಯಲ್ಲಿ ಟೀ ಕುಡಿಯುತ್ತಿದ್ದಾಗ, ಮೋಡ ದಟ್ಟವಾಗಿದೆ, ವಿಮಾನ ರದ್ದು ಎಂಬ ಮೆಸೇಜು ಬಂತು. ಅಲ್ಲಿಂದ ಅಮ್ಮನನ್ನು ಕರೆದುಕೊಂಡು ದೇವನಹಳ್ಳಿಗೆ ಓಡುವ ಹಾಗಿರಲಿಲ್ಲ. ವಾಪಸು ಬಂದು, ಮಾರನೇ ದಿನ ಮತ್ತೆ ಹಳೇ ದಾರಿಯಲ್ಲೇ ಹೋದೆವು. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಮದುವೆ, ಆಸ್ಪತ್ರೆ ಅಂತ ದಿನ ಗೊತ್ತಾಗಿದ್ದರೆ, ದೇವನಹಳ್ಳಿಗೇ ಹೋಗುತ್ತೇನೆ. ಆಗ ಹಿಂದಿನ ರಾತ್ರಿ ಅಮ್ಮನನ್ನು ಹಾಸನದ ಚಿಕ್ಕಮ್ಮನ ಮನೆಯಲ್ಲಿ ಮಲಗಿಸುತ್ತೇನೆ.